ಮೈಎಸ್‌ಕ್ಯೂಎಲ್ ನನ್ನ ಕಾನ್ಫಿಗ್ ಫೈಲನ್ನು ಓದುತ್ತಲೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಉಬುಂಟು ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ 8.0 ಬಳಸುತ್ತಿದ್ದೇನೆ. ಮೆಷಿನ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ. ಅಪ್ಲಿಕೇಶನ್ ನಿಧಾನವಾಗಿದ್ದರಿಂದ /ಎಟ್ಸಿ/ಮೈಎಸ್‌ಕ್ಯೂಎಲ್/ಮೈ.ಸಿಎನ್‌ಎಫ್ ಫೈಲಿನಲ್ಲಿ ಇನ್ನೋಡಿಬಿ_ಬಫರ್_ಪೂಲ್_ಸೈಜ್ 4ಜಿ ಎಂದೂ ಮ್ಯಾಕ್ಸ್_ಕನೆಕ್ಷನ್ಸ್ 500 ಎಂದೂ ಬರೆದೆ. ಮೊದಲು ಫೈಲ್ ಸೇವ್ ಆಗಲಿಲ್ಲ, ಹಾಗಾಗಿ 777 ಪರ್ಮಿಷನ್ ಕೊಟ್ಟು ಸೇವ್ ಮಾಡಿದೆ. ಸರ್ವೀಸನ್ನು ಮೂರು ಸಲ ರೀಸ್ಟಾರ್ಟ್ ಮಾಡಿದ್ದೇನೆ, ಒಮ್ಮೆ ಇಡೀ ಮೆಷಿನ್ನನ್ನೇ ರೀಬೂಟ್ ಮಾಡಿದ್ದೇನೆ. ಆದರೂ ವರ್ಕ್‌ಬೆಂಚ್‌ನಲ್ಲಿ ನೋಡಿದರೆ ಅದೇ 151, ಅದೇ 134217728. ಎರರ್ ಲಾಗ್‌ನಲ್ಲೂ ಏನೂ ಇಲ್ಲ, ಅದರ ಕೊನೆಯ ಸಾಲು ನಾನು ಫೈಲ್ ತಿದ್ದಿದ ದಿನದ್ದು. ಇನ್‌ಸ್ಟಲೇಶನ್ ಕೆಟ್ಟಿದೆ, ತೆಗೆದು ಹೊಸದಾಗಿ ಹಾಕು ಎಂದು ಸಹೋದ್ಯೋಗಿ ಹೇಳುತ್ತಿದ್ದಾರೆ. ಇಲ್ಲವೇ ಸೆಟ್ ಪರ್ಸಿಸ್ಟ್ ಕಮಾಂಡ್ ಕೊಟ್ಟು ಫೈಲಿನ ಗೊಡವೆಯನ್ನೇ ಬಿಟ್ಟುಬಿಡಬಹುದೇ?

ಉತ್ತರ: ಇನ್‌ಸ್ಟಲೇಶನ್ ಕೆಟ್ಟಿಲ್ಲ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಆ 777, ಅಂದರೆ ಎಲ್ಲರಿಗೂ ಬರೆಯುವ ಅನುಮತಿ. ಗುಂಪಿಗೂ ಮಾಲೀಕರಿಗೂ ಸೇರದ ಯಾರು ಬೇಕಾದರೂ ಬರೆಯಬಹುದಾದ ಕಾನ್ಫಿಗ್ ಫೈಲನ್ನು ಮೈಎಸ್‌ಕ್ಯೂಎಲ್ ಬೇಕೆಂದೇ ಓದುವುದಿಲ್ಲ. ಮೆಷಿನ್‌ನಲ್ಲಿ ಅಕೌಂಟ್ ಇರುವ ಯಾರೋ ಒಬ್ಬರು ಆ ಫೈಲಿಗೆ ಒಂದು ಸಾಲು ಸೇರಿಸಿ ಡೇಟಾಬೇಸನ್ನೇ ಕೈವಶ ಮಾಡಿಕೊಳ್ಳಬಾರದು ಎಂಬ ಮುನ್ನೆಚ್ಚರಿಕೆ ಅದು. ನೀವು ನೋಡುತ್ತಿರುವ 151 ಮತ್ತು 134217728, ಅಂದರೆ 128 ಎಂಬಿ, ಎರಡೂ ಪ್ರೋಗ್ರಾಮಿನೊಳಗೇ ಇರುವ ಡಿಫಾಲ್ಟ್ ಬೆಲೆಗಳು. ಫೈಲಿನಿಂದ ಒಂದಕ್ಷರವೂ ಸರ್ವರ್‌ಗೆ ತಲುಪಿಲ್ಲ ಎಂದು ಇದರರ್ಥ.

ಮುಂದೆ ಓದುವ ಮೊದಲು ಒಂದು ತುರ್ತು ಕೆಲಸ ಮಾಡಿಬಿಡಿ. ಉಬುಂಟುವಿನಲ್ಲಿ ಮೈ.ಸಿಎನ್‌ಎಫ್ ಒಳಗೆ ಇರುವುದು ಬಹುಮಟ್ಟಿಗೆ ಎರಡು ಇನ್‌ಕ್ಲೂಡ್‌ಡಿರ್ ಸಾಲುಗಳು ಮಾತ್ರ, ಅಂದರೆ ‘ಈ ಡೈರೆಕ್ಟರಿಯ ಫೈಲುಗಳನ್ನೂ ಓದು’ ಎನ್ನುವ ಸಾಲುಗಳು. ನಿಜವಾದ ಸೆಟ್ಟಿಂಗ್‌ಗಳಿರುವುದು ಅವು ತೋರಿಸುವ ಮೈಎಸ್‌ಕ್ಯೂಎಲ್.ಕಾನ್ಫ್.ಡಿ ಡೈರೆಕ್ಟರಿಯ ಮೈಎಸ್‌ಕ್ಯೂಎಲ್‌ಡಿ.ಸಿಎನ್‌ಎಫ್ ಫೈಲಿನಲ್ಲಿ. ಮೈ.ಸಿಎನ್‌ಎಫ್ ತಿರಸ್ಕೃತವಾದರೆ ಆ ಫೈಲಿಗೆ ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ಅದರಲ್ಲಿ ಬೈಂಡ್-ಅಡ್ರೆಸ್ 127.0.0.1 ಎಂದು ಇತ್ತು, ಸರ್ವರ್ ಹೊರಗಿನವರ ಕರೆಗೆ ಓಗೊಡದಂತೆ ತಡೆದದ್ದು ಆ ಸಾಲು. ಈಗ ಅದೂ ಇಲ್ಲ. ಆ ಸಾಲಿಲ್ಲದಿದ್ದರೆ ಡಿಫಾಲ್ಟ್ ಬೆಲೆ ನಕ್ಷತ್ರ ಚಿಹ್ನೆ, ಎಂದರೆ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳೂ. ಸುಡೋ ಜೊತೆ ಎಸ್‌ಎಸ್ -ಎಲ್‌ಟಿಎನ್‌ಪಿ ಕೊಟ್ಟು ನೋಡಿ. ಮೈಎಸ್‌ಕ್ಯೂಎಲ್‌ನ ಪೋರ್ಟ್‌ಗಳಾದ 3306 ಮತ್ತು 33060ರ ಮುಂದೆ 127.0.0.1 ಬದಲು ನಕ್ಷತ್ರ ಕಂಡರೆ, ನೀವು ಫೈಲ್ ತಿದ್ದಿದ ನಂತರದ ಮೊದಲ ರೀಸ್ಟಾರ್ಟ್‌ನಿಂದ ನಿಮ್ಮ ಡೇಟಾಬೇಸ್ ಪೋರ್ಟ್ ತೆರೆದೇ ಇದೆ. ಮುಂದೆ ಫೈರ್‌ವಾಲ್ ಇದ್ದರೆ ಬಚಾವು. ಇಲ್ಲದಿದ್ದರೆ ಮೈಎಸ್‌ಕ್ಯೂಎಲ್.ಯೂಸರ್ ಟೇಬಲ್‌ನಲ್ಲಿ ಹೋಸ್ಟ್ ಕಾಲಮ್‌ನಲ್ಲಿ ಶೇಕಡಾ ಚಿಹ್ನೆ (ಎಲ್ಲಿಂದ ಬೇಕಾದರೂ ಸೇರಬಹುದು ಎಂದರ್ಥ) ಇರುವ ಅಕೌಂಟ್‌ಗಳು ಯಾವುವು ನೋಡಿ, ಅವುಗಳ ಪಾಸ್‌ವರ್ಡ್ ಬದಲಿಸಿ. ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ ಪೂಲ್ ಚಿಕ್ಕದಾಗಿ ಉಳಿದದ್ದಕ್ಕಿಂತ ಇದು ಬಹಳ ದೊಡ್ಡ ಸಮಸ್ಯೆ.

ಎರರ್ ಲಾಗ್ ಖಾಲಿಯಾಗಿ ಕಂಡದ್ದೂ ಇದರಿಂದಲೇ. ಲಾಗ್ ಎಲ್ಲಿಗೆ ಬರೆಯಬೇಕು ಎಂದು ಹೇಳುವ ಲಾಗ್_ಎರರ್ ಸಾಲು ಕೂಡ ಓದದೇ ಉಳಿದ ಅದೇ ಫೈಲಿನಲ್ಲಿದೆ. ಅದು ಸಿಗದಿದ್ದಾಗ ಸರ್ವರ್ ತನ್ನ ಮಾತನ್ನೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸುತ್ತದೆ, ಅದು ಸರ್ವೀಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್ ಸೇರುತ್ತದೆ. ಮೂರು ಸಲ ರೀಸ್ಟಾರ್ಟ್ ಮಾಡಿದರೂ ಲಾಗ್ ಫೈಲಿನಲ್ಲಿ ಶುರುವಾದ ಗುರುತು ಕೂಡ ಇಲ್ಲವೆಂದರೆ, ಲಾಗ್ ಬೇರೆಲ್ಲೋ ಹೋಗುತ್ತಿದೆ ಎಂದು ಅನುಮಾನಿಸಬೇಕು. ಜರ್ನಲ್‌ಸಿಟಿಎಲ್ -ಯು ಮೈಎಸ್‌ಕ್ಯೂಎಲ್ ಕೊಟ್ಟರೆ ‘ವರ್ಲ್ಡ್-ರೈಟಬಲ್ ಕಾನ್ಫಿಗ್ ಫೈಲ್... ಈಸ್ ಇಗ್ನೋರ್ಡ್’ ಎಂಬ ಎಚ್ಚರಿಕೆ ಸಿಗುತ್ತದೆ. ಟರ್ಮಿನಲ್‌ನಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟ್ ತೆರೆದಿದ್ದರೆ ಮೊದಲ ಸಾಲಿನಲ್ಲೇ ಇದು ಕಾಣುತ್ತಿತ್ತು, ಏಕೆಂದರೆ ಕ್ಲೈಂಟ್ ಕೂಡ ಅದೇ ಫೈಲನ್ನು ಓದಲು ಹೋಗಿ ಹಾಗೆಯೇ ಬಿಟ್ಟುಬಿಡುತ್ತದೆ. ವರ್ಕ್‌ಬೆಂಚ್ ಈ ಎಚ್ಚರಿಕೆಯನ್ನು ನಿಮಗೆ ತೋರಿಸುವುದಿಲ್ಲ.

ಈಗ ಸರಿಪಡಿಸುವುದು. ಎಲ್‌ಎಸ್ -ಎಲ್ ಕೊಟ್ಟು ಪರ್ಮಿಷನ್ ನೋಡಿದರೆ ಇಲ್ಲೊಂದು ಗೊಂದಲವಾಗಬಹುದು. ಉಬುಂಟುವಿನಲ್ಲಿ ಮೈ.ಸಿಎನ್‌ಎಫ್ ನಿಜವಾದ ಫೈಲ್ ಅಲ್ಲ, ಆಲ್ಟರ್ನೇಟಿವ್ಸ್ ಮೂಲಕ ಮೈಎಸ್‌ಕ್ಯೂಎಲ್.ಸಿಎನ್‌ಎಫ್ ಕಡೆಗೆ ತಿರುಗಿಸುವ ಸಿಮ್‌ಲಿಂಕ್. ಸಿಮ್‌ಲಿಂಕ್ ಯಾವತ್ತೂ ತನ್ನನ್ನು 777 ಎಂದೇ ತೋರಿಸಿಕೊಳ್ಳುತ್ತದೆ. ಅದನ್ನು ನೋಡಿ ‘644 ಕೊಟ್ಟರೂ ಬದಲಾಗುತ್ತಿಲ್ಲ’ ಎಂದು ಗಾಬರಿಯಾಗಬೇಡಿ. ಎಲ್‌ಎಸ್ -ಎಲ್‌ಎಲ್ ಎಂದು ಎರಡನೆಯ ಎಲ್ ಅನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಲಿಂಕಿನ ಆಚೆಗಿನ ನಿಜವಾದ ಫೈಲಿನ ಪರ್ಮಿಷನ್ ಕಾಣುತ್ತದೆ. ಸಿಎಚ್‌ಮೋಡ್ 644 ಕೊಡಿ (ಮಾಲೀಕರು ಮಾತ್ರ ಬರೆಯಬಹುದು, ಉಳಿದವರು ಓದಬಹುದು), ಮಾಲೀಕ ರೂಟ್ ಆಗಿರಲಿ. ಸಿಎಚ್‌ಮೋಡ್ ಲಿಂಕನ್ನು ಹಿಂಬಾಲಿಸಿ ಅಸಲಿ ಫೈಲನ್ನೇ ಬದಲಿಸುತ್ತದೆ. ಮೊದಲ ಸಲ ಸೇವ್ ಆಗದಿದ್ದಾಗ ಬೇಕಾಗಿದ್ದದ್ದು ಪರ್ಮಿಷನ್ ಸಡಿಲಿಸುವುದಲ್ಲ, ಎಡಿಟರನ್ನು ಸುಡೋ ಜೊತೆ ತೆರೆಯುವುದು.

ಇಷ್ಟಾದ ಮೇಲೆ ನಿಮ್ಮ ಎರಡು ಸಾಲುಗಳನ್ನು ಮೈ.ಸಿಎನ್‌ಎಫ್‌ನಿಂದ ತೆಗೆದು, ಮೈಎಸ್‌ಕ್ಯೂಎಲ್.ಕಾನ್ಫ್.ಡಿ ಡೈರೆಕ್ಟರಿಯಲ್ಲಿ ನಿಮ್ಮದೇ ಬೇರೆ ಫೈಲ್ ಮಾಡಿ ಅಲ್ಲಿ ಹಾಕಿ ಎಂದು ಸಲಹೆ ಕೊಡುತ್ತೇನೆ. ಪ್ಯಾಕೇಜ್ ಅಪ್‌ಗ್ರೇಡ್ ಆಗುವಾಗ ‘ಈ ಫೈಲ್ ಬದಲಾಗಿದೆ, ಹಳೆಯದನ್ನು ಇಡಲೋ ಹೊಸದನ್ನು ಹಾಕಲೋ’ ಎಂಬ ಪ್ರಶ್ನೆ ಆಗ ಬರುವುದಿಲ್ಲ, ಅವಸರದಲ್ಲಿ ತಪ್ಪು ಉತ್ತರ ಕೊಟ್ಟು ಸೆಟ್ಟಿಂಗ್ ಕಳೆದುಕೊಳ್ಳುವ ಭಯವೂ ಇರುವುದಿಲ್ಲ. ಫೈಲಿನ ಹೆಸರು ಕಡ್ಡಾಯವಾಗಿ .ಸಿಎನ್‌ಎಫ್ ಎಂದೇ ಮುಗಿಯಬೇಕು. ಲಿನಕ್ಸ್‌ನಲ್ಲಿ ಇನ್‌ಕ್ಲೂಡ್‌ಡಿರ್ ಬೇರೆ ಯಾವ ಬಾಲವಿರುವ ಫೈಲನ್ನೂ ತೆರೆಯುವುದಿಲ್ಲ. .ಕಾನ್ಫ್ ಎಂದು ಬರೆದು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಕಡಿಮೆಯಿಲ್ಲ. ಇದರ ತದ್ವಿರುದ್ಧ ಅಪಾಯವೂ ಉಂಟು: ಬ್ಯಾಕಪ್ ಎಂದು ಅದೇ ಡೈರೆಕ್ಟರಿಯಲ್ಲಿ ಓಲ್ಡ್.ಸಿಎನ್‌ಎಫ್ ಎಂಬ ನಕಲು ಇಟ್ಟರೆ ಅದನ್ನೂ ಸರ್ವರ್ ಓದುತ್ತದೆ. ಡೈರೆಕ್ಟರಿಯೊಳಗಿನ ಫೈಲುಗಳನ್ನು ಯಾವ ಕ್ರಮದಲ್ಲಿ ಓದಲಾಗುತ್ತದೆ ಎಂಬುದಕ್ಕೆ ಮೈಎಸ್‌ಕ್ಯೂಎಲ್ ಖಾತರಿ ಕೊಡುವುದಿಲ್ಲ, ಆದ್ದರಿಂದ ಒಂದೇ ಸೆಟ್ಟಿಂಗನ್ನು ಎರಡು ಫೈಲುಗಳಲ್ಲಿ ಬರೆಯಬೇಡಿ.

ಫೈಲಿನ ಮೊದಲ ಸಾಲು ಚೌಕ ಆವರಣದೊಳಗೆ ಮೈಎಸ್‌ಕ್ಯೂಎಲ್‌ಡಿ ಎಂದಿರಲಿ. ಕೊನೆಯ ‘ಡಿ’ ಬಿಟ್ಟುಹೋದರೆ ಆ ಗುಂಪು ಟರ್ಮಿನಲ್ ಕ್ಲೈಂಟ್‌ಗೆ ಸೇರಿದ್ದಾಗುತ್ತದೆ, ಸರ್ವರ್ ಅದರತ್ತ ತಿರುಗಿಯೂ ನೋಡುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಬೆಲೆಯನ್ನು 4ಜಿ ಎಂದೇ ಬರೆಯಿರಿ. 4ಜಿಬಿ ಎಂದರೆ ಸರ್ವರ್ ಏಳುವುದೇ ಇಲ್ಲ. ಹೆಸರಿನಲ್ಲಿ ಅಡ್ಡಗೆರೆ ಇದ್ದರೂ ಅಂಡರ್‌ಸ್ಕೋರ್ ಇದ್ದರೂ ಕಾನ್ಫಿಗ್ ಫೈಲಿಗೆ ಎರಡೂ ಒಂದೇ.

ರೀಸ್ಟಾರ್ಟ್ ಮಾಡುವ ಮೊದಲು ಮೈಎಸ್‌ಕ್ಯೂಎಲ್‌ಡಿ --ವ್ಯಾಲಿಡೇಟ್-ಕಾನ್ಫಿಗ್ ಓಡಿಸಿ. ಇದು 8.0.16ರಿಂದ ಇದೆ. ಸರ್ವರನ್ನು ಎಬ್ಬಿಸದೆ ಫೈಲುಗಳಲ್ಲಿ ತಪ್ಪು ಹೆಸರೋ ಬೆಲೆಯೋ ಇದ್ದರೆ ಹೇಳುತ್ತದೆ, ತಪ್ಪಿಲ್ಲದಿದ್ದರೆ ಸುಮ್ಮನೆ ಮುಗಿಯುತ್ತದೆ. ಒಂದು ಫೈಲನ್ನು ಓದುತ್ತಿದೆಯೋ ಇಲ್ಲವೋ ಎಂಬ ಅನುಮಾನವನ್ನೂ ಇದರಿಂದಲೇ ತೀರಿಸಿಕೊಳ್ಳಬಹುದು. ಮೈಎಸ್‌ಕ್ಯೂಎಲ್‌ಡಿ ಗುಂಪಿನೊಳಗೆ ಇಲ್ಲದ ಒಂದು ಹೆಸರನ್ನು ಬೇಕೆಂದೇ ಬರೆದು ಈ ಕಮಾಂಡ್ ಕೊಡಿ. ದೂರು ಬಂದರೆ ಫೈಲ್ ಓದಲ್ಪಡುತ್ತಿದೆ, ಬಾರದಿದ್ದರೆ ಇಲ್ಲ. ಪರೀಕ್ಷೆ ಮುಗಿದೊಡನೆ ಆ ಸಾಲನ್ನು ಅಳಿಸಲೇಬೇಕು. ಮರೆತರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಸರ್ವರ್ ಏಳದೆ ಉಳಿಯುತ್ತದೆ.

ಕಾರಣ 777 ಅಲ್ಲದಿದ್ದರೆ

ಇದೇ ತೊಂದರೆ ಇರುವ ಬೇರೆ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಸರ್ವರ್ ಕಾನ್ಫಿಗ್ ಫೈಲನ್ನು ಲೆಕ್ಕಕ್ಕಿಟ್ಟುಕೊಳ್ಳುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳಿರುತ್ತವೆ: ಒಂದು, ಫೈಲನ್ನು ಓದಿಲ್ಲ; ಎರಡು, ಓದಿದೆ, ಆದರೆ ಆಮೇಲೆ ಬಂದದ್ದು ಅದನ್ನು ಅಳಿಸಿದೆ; ಮೂರು, ಓದಿ ಒಪ್ಪಿದೆ, ಆದರೆ ಬೆಲೆಯನ್ನು ತಾನೇ ಬದಲಿಸಿಕೊಂಡಿದೆ; ನಾಲ್ಕು, ಎಲ್ಲ ಸರಿಯಿದೆ, ನೀವು ನೋಡುತ್ತಿರುವ ಜಾಗ ತಪ್ಪು. ಇವುಗಳಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳದೆ ಫೈಲನ್ನೇ ತಿದ್ದುತ್ತಾ ಕೂತರೆ ಕೆಲಸ ಮುಂದಕ್ಕೆ ಹೋಗದು.

ಫೈಲನ್ನು ನೋಡುವ ಬದಲು ಸರ್ವರನ್ನೇ ಕೇಳಿ. ಮೈಎಸ್‌ಕ್ಯೂಎಲ್ 8.0ರ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ ವೇರಿಯೇಬಲ್ಸ್_ಇನ್ಫೋ ಎಂಬ ಟೇಬಲ್ ಇದೆ. ಪ್ರತಿ ಸೆಟ್ಟಿಂಗ್‌ನ ಬೆಲೆ ಎಲ್ಲಿಂದ ಬಂತು ಎಂದು ವೇರಿಯೇಬಲ್_ಸೋರ್ಸ್ ಕಾಲಮ್ ಹೇಳುತ್ತದೆ, ಯಾವ ಫೈಲಿನಿಂದ ಎಂದು ವೇರಿಯೇಬಲ್_ಪಾತ್ ಹೇಳುತ್ತದೆ. ಸೋರ್ಸ್ ‘ಕಂಪೈಲ್ಡ್’ ಎಂದಿದ್ದರೆ ಯಾವ ಫೈಲೂ ಅದನ್ನು ಮುಟ್ಟಿಲ್ಲ. ‘ಪರ್ಸಿಸ್ಟೆಡ್’ ಎಂದಿದ್ದರೆ ಯಾರೋ ಸೆಟ್ ಪರ್ಸಿಸ್ಟ್ ಕೊಟ್ಟಿದ್ದಾರೆ. ‘ಕಮಾಂಡ್_ಲೈನ್’ ಎಂದಿದ್ದರೆ ಸರ್ವೀಸ್ ಶುರುವಾಗುವ ಸಾಲಿನಲ್ಲೇ ಬೆಲೆ ಅಂಟಿಕೊಂಡಿದೆ. ‘ಡೈನಾಮಿಕ್’ ಎಂದರೆ ಸರ್ವರ್ ಓಡುತ್ತಿರುವಾಗಲೇ ಬದಲಿಸಿದ್ದಾರೆ, ಸೆಟ್_ಯೂಸರ್ ಮತ್ತು ಸೆಟ್_ಟೈಮ್ ಕಾಲಮ್‌ಗಳಲ್ಲಿ ಯಾರು, ಯಾವಾಗ ಎಂಬುದೂ ಸಿಗುತ್ತದೆ. ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮಾರಿಯಾಡಿಬಿಯಲ್ಲಿ ಈ ಟೇಬಲ್ ಇಲ್ಲ. ಅಲ್ಲಿ ಇನ್ಫರ್ಮೇಶನ್ ಸ್ಕೀಮಾದ ಸಿಸ್ಟಮ್_ವೇರಿಯೇಬಲ್ಸ್ ಟೇಬಲ್‌ನ ಗ್ಲೋಬಲ್_ವ್ಯಾಲ್ಯೂ_ಒರಿಜಿನ್ ಕಾಲಮ್ ನೋಡಬೇಕು.

ಯಾವ ಫೈಲುಗಳನ್ನು ಯಾವ ಸರತಿಯಲ್ಲಿ ಹುಡುಕುತ್ತದೆ ಎಂದು ತಿಳಿಯಲು ಮೈಎಸ್‌ಕ್ಯೂಎಲ್‌ಡಿ --ವರ್ಬೋಸ್ --ಹೆಲ್ಪ್ ಕೊಟ್ಟು ಮೇಲಿನ ಕೆಲವು ಸಾಲು ಓದಿ. ಸಾಮಾನ್ಯವಾಗಿ /ಎಟ್ಸಿ/ಮೈ.ಸಿಎನ್‌ಎಫ್ ಮೊದಲು, /ಎಟ್ಸಿ/ಮೈಎಸ್‌ಕ್ಯೂಎಲ್/ಮೈ.ಸಿಎನ್‌ಎಫ್ ಆಮೇಲೆ, ಹೋಮ್ ಡೈರೆಕ್ಟರಿಯ .ಮೈ.ಸಿಎನ್‌ಎಫ್ ಕೊನೆಗೆ. ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲುವುದಿಲ್ಲ, ಇರುವುದನ್ನೆಲ್ಲ ಓದುತ್ತದೆ, ಒಂದೇ ಹೆಸರು ಎರಡು ಕಡೆ ಇದ್ದರೆ ಕೊನೆಗೆ ಓದಿದ್ದು ಉಳಿಯುತ್ತದೆ. ಇದಕ್ಕೆ ಯೂಸರ್ ಎಂಬ ಒಂದು ಸೆಟ್ಟಿಂಗ್ ಮಾತ್ರ ಅಪವಾದ, ಭದ್ರತೆಯ ಕಾರಣಕ್ಕೆ ಅಲ್ಲಿ ಮೊದಲು ಓದಿದ್ದೇ ನಿಲ್ಲುತ್ತದೆ. ಈ ಫೈಲುಗಳೆಲ್ಲದರ ಮೇಲೆ ಡೇಟಾ ಡೈರೆಕ್ಟರಿಯೊಳಗಿನ ಮೈಎಸ್‌ಕ್ಯೂಎಲ್‌ಡಿ-ಆಟೋ.ಸಿಎನ್‌ಎಫ್ ಬರುತ್ತದೆ. ಸೆಟ್ ಪರ್ಸಿಸ್ಟ್ ಬರೆಯುವುದು ಅದರಲ್ಲಿ.

ಸರ್ವೀಸ್ --ಡಿಫಾಲ್ಟ್ಸ್-ಫೈಲ್ ಜೊತೆ ಶುರುವಾಗುತ್ತಿದ್ದರೆ ಈ ಸರತಿಯೇ ಇರುವುದಿಲ್ಲ, ಹೇಳಿದ ಆ ಒಂದು ಫೈಲು, ಜೊತೆಗೆ ಆಟೋ ಫೈಲು, ಅಷ್ಟೇ. ಸಿಸ್ಟಮ್‌ಸಿಟಿಎಲ್ ಕ್ಯಾಟ್ ಮೈಎಸ್‌ಕ್ಯೂಎಲ್ ಕೊಟ್ಟು ಎಕ್ಸೆಕ್‌ಸ್ಟಾರ್ಟ್ ಸಾಲು ಓದಿ. ವಿಂಡೋಸ್‌ನಲ್ಲಿ ಬಹುಪಾಲು ಗೊಂದಲ ಹುಟ್ಟುವುದು ಇಲ್ಲೇ. ಇನ್‌ಸ್ಟಾಲರ್ ಹಾಕಿದ ಸರ್ವೀಸ್ ಓದುವುದು ಪ್ರೋಗ್ರಾಂಡೇಟಾ ಫೋಲ್ಡರಿನ ಮೈ.ಐಎನ್‌ಐ ಫೈಲನ್ನು, ಆ ಫೋಲ್ಡರ್ ಹಿಡನ್ ಆಗಿರುತ್ತದೆ. ಜನ ತಿದ್ದುವುದು ಪ್ರೋಗ್ರಾಂ ಫೈಲ್ಸ್‌ನಲ್ಲಿ ತಾವೇ ಮಾಡಿಟ್ಟ ಇನ್ನೊಂದನ್ನು. ಎಸ್‌ಸಿ ಕ್ಯೂಸಿ ಎಂದು ಬರೆದು ಮುಂದೆ ಸರ್ವೀಸ್ ಹೆಸರು ಕೊಟ್ಟರೆ ನಿಜವಾದ ಪಾತ್ ಕಾಣುತ್ತದೆ. ನೋಟ್‌ಪ್ಯಾಡ್ ಸದ್ದಿಲ್ಲದೆ ಮೈ.ಐಎನ್‌ಐ.ಟಿಎಕ್ಸ್‌ಟಿ ಎಂದು ಸೇವ್ ಮಾಡಿರುವುದೂ ಉಂಟು, ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿಕೊಂಡು ನೋಡಿ.

ಡಾಕರ್ ಬಳಸುವವರಿಗೆ ಎರಡು ಮಾತು. ವಿಂಡೋಸ್ ಫೋಲ್ಡರಿನಿಂದ ಮೌಂಟ್ ಮಾಡಿದ ಫೈಲ್ ಕಂಟೇನರ್ ಒಳಗೆ 777 ಆಗಿ ಕಾಣಬಹುದು, ಆಗ ನಿಮ್ಮ ಕಥೆಯೇ ಅಲ್ಲೂ. ಒಂದೇ ಫೈಲನ್ನು ಮೌಂಟ್ ಮಾಡಿದ್ದರೆ ಇನ್ನೊಂದು ತೊಡಕು: ಹಲವು ಎಡಿಟರ್‌ಗಳು ಸೇವ್ ಮಾಡುವಾಗ ಹೊಸ ಫೈಲ್ ಬರೆದು ಹಳೆಯದರ ಹೆಸರಿಡುತ್ತವೆ, ಕಂಟೇನರ್ ಮಾತ್ರ ಹಳೆಯ ಫೈಲನ್ನೇ ಹಿಡಿದುಕೊಂಡಿರುತ್ತದೆ. ಫೈಲಿನ ಬದಲು ಡೈರೆಕ್ಟರಿಯನ್ನೇ ಮೌಂಟ್ ಮಾಡಿದರೆ ಈ ತೊಡಕಿಲ್ಲ.

ಪರ್ಮಿಷನ್ ಸರಿಯಿದ್ದೂ ಓದಲಾಗದಿದ್ದರೆ ಲಿನಕ್ಸ್‌ನ ಭದ್ರತಾ ಕಾವಲುಗಳಾದ ಆಪ್‌ಆರ್ಮರ್ ಅಥವಾ ಎಸ್‌ಇಲಿನಕ್ಸ್ ತಡೆಯುತ್ತಿರಬಹುದು, ಮುಖ್ಯವಾಗಿ ನೀವು ಫೈಲನ್ನು ಮಾಮೂಲಿ ಜಾಗ ಬಿಟ್ಟು ಬೇರೆಡೆ ಇಟ್ಟಿದ್ದರೆ. ಕರ್ನಲ್ ಲಾಗ್‌ನಲ್ಲಿ ‘ಡಿನೈಡ್’ ಹುಡುಕಿ. ಹೋಮ್ ಡೈರೆಕ್ಟರಿಯಲ್ಲಿ ಬರೆದು ಎಂವಿ ಮಾಡಿ ತಂದ ಫೈಲ್ ಎಸ್‌ಇಲಿನಕ್ಸ್‌ನ ಹಳೆಯ ಗುರುತನ್ನು ಹೊತ್ತೇ ಬರುತ್ತದೆ, ರೀಸ್ಟೋರ್‌ಕಾನ್ ಕೊಟ್ಟರೆ ಸರಿಹೋಗುತ್ತದೆ.

ಸರ್ವರ್ ಬೆಲೆಯನ್ನು ತಾನೇ ಬದಲಿಸಿಕೊಳ್ಳುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಮ್ಯಾಕ್ಸ್_ಕನೆಕ್ಷನ್ಸ್ 500 ಎಂದು ಬರೆದರೂ 214 ಎಂದು ತೋರಿಸಿದರೆ ಅದು ಅಡ್ಡಾದಿಡ್ಡಿ ಸಂಖ್ಯೆಯಲ್ಲ. ಪ್ರಾಸೆಸ್‌ಗೆ ಏಕಕಾಲಕ್ಕೆ ತೆರೆಯಲು ಅನುಮತಿ ಇರುವ ಫೈಲುಗಳು 1024 ಮಾತ್ರ; ಸರ್ವರ್ ಅದರಲ್ಲಿ 10ನ್ನು ತನಗಿಟ್ಟುಕೊಂಡು, ಟೇಬಲ್ ಕ್ಯಾಶ್‌ನ ಕನಿಷ್ಠ 400ಕ್ಕೆ ತಲಾ ಎರಡರಂತೆ 800 ತೆಗೆದಿಟ್ಟು, ಉಳಿದ 214ನ್ನು ಕನೆಕ್ಷನ್‌ಗಳಿಗೆ ಕೊಟ್ಟಿದೆ. ಇಲ್ಲಿ ತಿದ್ದಬೇಕಾದ್ದು ಸಿಸ್ಟಮ್‌ಡಿಯ ಲಿಮಿಟ್‌ನೋಫೈಲ್. ಸಿಸ್ಟಮ್‌ಸಿಟಿಎಲ್ ಎಡಿಟ್ ಮೈಎಸ್‌ಕ್ಯೂಎಲ್ ಕೊಟ್ಟು ಸರ್ವೀಸ್ ವಿಭಾಗದಲ್ಲಿ ಅದನ್ನು 10000ಕ್ಕೆ ಏರಿಸಿದರೆ ಸಾಕು. ಎರಡನೆಯದು ಬಫರ್ ಪೂಲ್. 8.0ರಲ್ಲಿ 1 ಜಿಬಿ ಮತ್ತು ಮೇಲಿನ ಪೂಲ್ ಡಿಫಾಲ್ಟ್ ಆಗಿ 8 ಭಾಗವಾಗುತ್ತದೆ, ಒಂದೊಂದು ತುಂಡು 128 ಎಂಬಿ, ಆದ್ದರಿಂದ ಒಟ್ಟು ಗಾತ್ರ 1 ಜಿಬಿಯ ಗುಣಕಕ್ಕೆ ಮೇಲ್ಮುಖವಾಗಿ ಸರಿಹೊಂದುತ್ತದೆ. 2560ಎಂ ಎಂದು ಬರೆದರೆ 3 ಜಿಬಿ ಸಿಗುತ್ತದೆ.

ತಪ್ಪು ಜಾಗ ನೋಡುವುದರಲ್ಲಿ ಎಲ್ಲರನ್ನೂ ಕಾಡುವುದು ವೇಟ್_ಟೈಮೌಟ್. ಫೈಲಿನಲ್ಲಿ 600 ಬರೆದು ಟರ್ಮಿನಲ್ ಕ್ಲೈಂಟ್‌ನಲ್ಲಿ ಶೋ ವೇರಿಯೇಬಲ್ಸ್ ಕೊಟ್ಟರೆ 28800 ಬರುತ್ತದೆ. ಆ ಕಮಾಂಡ್ ತೋರಿಸುವುದು ನಿಮ್ಮ ಸೆಷನ್‌ನ ಬೆಲೆ, ಟರ್ಮಿನಲ್ ಕ್ಲೈಂಟ್‌ನ ಸೆಷನ್ ತನ್ನ ವೇಟ್_ಟೈಮೌಟನ್ನು ಇಂಟರ್‌ಆಕ್ಟಿವ್_ಟೈಮೌಟ್‌ನಿಂದ ಪಡೆಯುತ್ತದೆ. ಶೋ ಗ್ಲೋಬಲ್ ವೇರಿಯೇಬಲ್ಸ್ ಕೊಟ್ಟರೆ 600 ಸಿಗುತ್ತದೆ. ಒಂದೇ ಮೆಷಿನ್‌ನಲ್ಲಿ ಎರಡು ಮೈಎಸ್‌ಕ್ಯೂಎಲ್ ಓಡುತ್ತಿದ್ದು, ಒಂದನ್ನು ತಿದ್ದಿ ಇನ್ನೊಂದನ್ನು ನೋಡುತ್ತಿರುವ ಸಂಭವವೂ ಇದೆ. ಪೋರ್ಟ್, ಡೇಟಾಡಿರ್, ವರ್ಷನ್ ಮೂರನ್ನೂ ಕೇಳಿ ನೋಡಿ, ಜೊತೆಗೆ ಅಪ್‌ಟೈಮ್ ಸ್ಟೇಟಸ್ ನೋಡಿ. ರೀಸ್ಟಾರ್ಟ್ ಮಾಡಿ ಎರಡು ನಿಮಿಷವಾಗಿದ್ದು ಅಪ್‌ಟೈಮ್ ಲಕ್ಷ ಸೆಕೆಂಡ್ ತೋರಿಸುತ್ತಿದ್ದರೆ ನೀವು ಮಾತಾಡುತ್ತಿರುವುದು ಬೇರೆ ಸರ್ವರ್ ಜೊತೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲೂ ಪೆಟ್ಟಿಗೆ ಬೇರೆ, ಬೀಗ ಅದೇ. ಶೋ ಕಾನ್ಫಿಗ್_ಫೈಲ್ ಕೊಟ್ಟರೆ ಫೈಲ್ ಯಾವುದೆಂದು ಹೇಳುತ್ತದೆ, ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಫೈಲ್ ಮತ್ತು ಸಾಲಿನ ಸಂಖ್ಯೆ ಸಿಗುತ್ತದೆ, ಪಿಜಿ_ಫೈಲ್_ಸೆಟ್ಟಿಂಗ್ಸ್‌ನಲ್ಲಿ ಯಾವ ಸಾಲು ಏಕೆ ಒಪ್ಪಿಗೆಯಾಗಲಿಲ್ಲ ಎಂಬುದು. ಆಲ್ಟರ್ ಸಿಸ್ಟಮ್ ಬರೆಯುವ ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಮೂಲ ಫೈಲಿನ ಮೇಲೆ ಕೂರುತ್ತದೆ. ಷೇರ್ಡ್_ಬಫರ್ಸ್, ಮ್ಯಾಕ್ಸ್_ಕನೆಕ್ಷನ್ಸ್‌ಗೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು.

ನೀವು ಕೇಳಿದ ಎರಡು ದಾರಿಗಳು

ತೆಗೆದು ಹೊಸದಾಗಿ ಹಾಕುವುದು ಬೇಡವೇ ಬೇಡ. ಎಪಿಟಿ ರಿಮೂವ್ ಕಾನ್ಫಿಗ್ ಫೈಲುಗಳನ್ನು ಹಾಗೆಯೇ ಉಳಿಸುತ್ತದೆ, ಹೊಸ ಇನ್‌ಸ್ಟಲೇಶನ್‌ಗೂ ಅದೇ 777 ಫೈಲ್ ಎದುರಾಗುತ್ತದೆ. ಪರ್ಜ್ ಕೊಟ್ಟರೆ ಡೇಟಾಬೇಸ್‌ಗಳನ್ನೂ ಅಳಿಸಲೇ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಗಡಿಬಿಡಿಯಲ್ಲಿ ‘ಎಸ್’ ಒತ್ತಿದವರ ಡೇಟಾ ಬ್ಯಾಕಪ್ ಇಲ್ಲದಿದ್ದರೆ ಹೋಯಿತೆಂದೇ ಲೆಕ್ಕ.

ಸೆಟ್ ಪರ್ಸಿಸ್ಟ್ ಒಳ್ಳೆಯ ಸೌಲಭ್ಯವೇ. ನಿಮ್ಮ ಎರಡೂ ಸೆಟ್ಟಿಂಗ್‌ಗಳು ಸರ್ವರ್ ಓಡುತ್ತಿರುವಾಗಲೇ ಬದಲಾಗುವಂಥವು, ರೀಸ್ಟಾರ್ಟ್ ಕೂಡ ಬೇಡ. ಅಲ್ಲಿ 4ಜಿ ಎಂದು ಬರೆದರೆ ಒಪ್ಪುವುದಿಲ್ಲ, 4294967296 ಎಂದು ಪೂರ್ತಿ ಬೈಟ್‌ಗಳಲ್ಲಿ ಕೊಡಬೇಕು. ಆದರೆ ಈಗ ಅದನ್ನು ಬಳಸಿದರೆ 151 ಹೋಗಿ 500 ಬರುತ್ತದೆ, ತಿರಸ್ಕೃತವಾದ ಫೈಲ್ ಮತ್ತು ತೆರೆದ ಪೋರ್ಟ್ ಹಾಗೆಯೇ ಉಳಿಯುತ್ತವೆ. ನಾಳೆ ಇನ್ನೊಬ್ಬರು ಕಾನ್ಫಿಗ್ ಫೈಲಿನಲ್ಲಿ 300 ಎಂದು ಬರೆದರೆ ಆಟೋ ಫೈಲಿನ 500 ಅದನ್ನು ಅಳಿಸುತ್ತದೆ, ನಿಮ್ಮ ಇವತ್ತಿನ ತಲೆನೋವು ಅವರಿಗೆ ವರ್ಗವಾಗುತ್ತದೆ. ಬಳಸುವುದಾದರೆ ತಂಡದಲ್ಲಿ ಎಲ್ಲರಿಗೂ ತಿಳಿಸಿ ಬಳಸಿ. ಹಿಂತೆಗೆಯಲು ರೀಸೆಟ್ ಪರ್ಸಿಸ್ಟ್ ಇದೆ, ಆಟೋ ಫೈಲನ್ನು ಕೈಯಿಂದ ತಿದ್ದಬೇಡಿ.

--ಡಿಫಾಲ್ಟ್ಸ್-ಫೈಲ್ ಮೂರನೆಯ ದಾರಿ. ಫೈಲ್ ತೆರೆಯಲಾಗದಿದ್ದರೆ ಸರ್ವರ್ ಏಳಲು ನಿರಾಕರಿಸುವುದು ಇದರ ಗುಣ, ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ ಪ್ಯಾಕೇಜ್ ಕೊಟ್ಟ ಬೈಂಡ್-ಅಡ್ರೆಸ್, ಲಾಗ್_ಎರರ್ ಇತ್ಯಾದಿಯನ್ನೆಲ್ಲ ಆ ಫೈಲಿಗೆ ನೀವೇ ತಂದು ಹಾಕಬೇಕು. ಒಂದೇ ಸರ್ವರ್ ಇರುವ ನಿಮಗೆ ಇದರ ಅಗತ್ಯ ಕಾಣುವುದಿಲ್ಲ.

ಒಂದು ಎಚ್ಚರಿಕೆ ಬಾಕಿ ಇದೆ. ಇಷ್ಟು ದಿನ 128 ಎಂಬಿಯಲ್ಲಿ ನಡೆಯುತ್ತಿದ್ದ ಬಫರ್ ಪೂಲ್ ಈಗ ನಿಜವಾಗಿಯೂ 4 ಜಿಬಿಯವರೆಗೆ ಬೆಳೆಯುತ್ತದೆ. ಅಪ್ಲಿಕೇಶನ್ನೂ ಅದೇ 8 ಜಿಬಿ ಮೆಷಿನ್‌ನಲ್ಲಿದ್ದರೆ ಮೊದಲು ಫ್ರೀ -ಎಂ ಕೊಟ್ಟು ಎಷ್ಟು ಖಾಲಿ ಇದೆ ನೋಡಿಕೊಳ್ಳಿ. 500 ಕನೆಕ್ಷನ್‌ಗಳೂ ತುಂಬಿದ ದಿನ ಒಂದೊಂದಕ್ಕೂ ಸ್ಟ್ಯಾಕ್, ಸಾರ್ಟ್ ಬಫರ್, ಜಾಯಿನ್ ಬಫರ್ ಎಂದು ಬೇರೆ ಮೆಮೊರಿ ಬೇಕು. ಕಡಿಮೆ ಬಿದ್ದರೆ ಕರ್ನಲ್‌ನ ಓಓಎಂ ಕಿಲ್ಲರ್ ಎಲ್ಲಕ್ಕಿಂತ ದಪ್ಪಗಿರುವ ಪ್ರಾಸೆಸ್ಸನ್ನೇ ಸಾಮಾನ್ಯವಾಗಿ ಕೊಲ್ಲುತ್ತದೆ, ಅದು ಮೈಎಸ್‌ಕ್ಯೂಎಲ್ ಆಗಿರುತ್ತದೆ. ಅನುಮಾನವಿದ್ದರೆ 3ಜಿ ಮತ್ತು 200ರಿಂದ ಶುರುಮಾಡಿ, ಮ್ಯಾಕ್ಸ್_ಯೂಸ್ಡ್_ಕನೆಕ್ಷನ್ಸ್ ಸ್ಟೇಟಸ್ ಒಂದು ವಾರ ಗಮನಿಸಿ ಏರಿಸಿ.

ರೀಸ್ಟಾರ್ಟ್ ಆದ ಮೇಲೆ ನಾಲ್ಕು ಕಡೆ ಕಣ್ಣಾಡಿಸಿ: ಗ್ಲೋಬಲ್ ಬೆಲೆಗಳು ನೀವು ಬರೆದಂತೆ, 4ಜಿಗೆ 4294967296 ಎಂದು, ಬಂದಿರಬೇಕು, ವೇರಿಯೇಬಲ್_ಪಾತ್‌ನಲ್ಲಿ ನಿಮ್ಮ ಹೊಸ ಫೈಲಿನ ಹೆಸರಿರಬೇಕು, ಎರರ್ ಲಾಗ್‌ನಲ್ಲಿ ಇವತ್ತಿನ ದಿನಾಂಕದ ಸಾಲುಗಳು ಮತ್ತೆ ಬೀಳುತ್ತಿರಬೇಕು, 3306ರ ಮುಂದೆ 127.0.0.1 ವಾಪಸ್ ಬಂದಿರಬೇಕು. ವರ್ಕ್‌ಬೆಂಚ್ ಬೇರೆ ಮೆಷಿನ್‌ನಿಂದ ನೇರವಾಗಿ ಸೇರುತ್ತಿದ್ದರೆ ಈ ಕೊನೆಯ ಬದಲಾವಣೆಯಿಂದ ಅದು ನಿಲ್ಲುತ್ತದೆ. ಆಗ ಪೋರ್ಟ್ ತೆರೆಯಬೇಡಿ, ವರ್ಕ್‌ಬೆಂಚ್‌ನ ಕನೆಕ್ಷನ್ ಮೆಥಡ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಸೇರುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ.